ಮಂಜುಗಟ್ಟಿದ ಕೆರೆಯ ಮೇಲೆ ಕ್ಯಾಪ್ಟನ್ ಮೆನ್ಸಾ

೨೦೦೩ನೆಯ ಇಸವಿ, ಜನವರಿ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ಜರ್ಮನಿಯ ಎರ್ಲಾಂಗೆನ್ ಊರಿನ ಹೊರಗೆ ಮೀನು ಸಾಕುವ ಒಂದು ಕೆರೆ. ಹಾಜರಿದ್ದವರು ನಾನು, ನನ್ನ ಅಳಿಯ ಶ್ರೀಧರ, ಅವರ ಐದು ವರ್ಷದ ಮಗಳು ಪಲ್ಲವಿ. ಕೊನೆಗೆ ನಾಯಿ ಹಿಡಿದುಕೊಂಡು ಬಂದ ಒಬ್ಬ ಜರ್ಮನ್ ಮುದುಕನನ್ನೂ ಸೇರಿಸಿದರೆ ನಾಲ್ವರು. ಐದನೆಯವನೊಬ್ಬ ಅಲ್ಲಿದ್ದನೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ, ಮುನ್ಸೂಚನೆ ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಮೂವತ್ತು ವರ್ಷ ವೈರ್‌ಲೆಸ್ ಸೆಟ್ಟಿನ ಮುಂದೆ ಕುಳಿತವನು ನಾನು. ಒಂದು ಮಾತು ಕಿವಿಗೆ ಬಿದ್ದರೆ ಅದನ್ನು ಆಡಿದವನೊಬ್ಬ ಇರಬೇಕು, ಅವನ ಕೈಯಲ್ಲಿ ಸೆಟ್ ಇರಬೇಕು, ಸೆಟ್ಟಿನಲ್ಲಿ ಬ್ಯಾಟರಿ ಇರಬೇಕು. ಇಷ್ಟೇ ನನಗೆ ಗೊತ್ತಿದ್ದ ವೇದಾಂತ. ಬ್ಯಾರಕ್ಕಿನಲ್ಲಿ ಯಾರಾದರೂ ಸತ್ತವರ ದನಿ ಕೇಳಿಸಿತು ಎಂದು ಕಥೆ ಹೇಳತೊಡಗಿದರೆ, “ಬೆಳಿಗ್ಗೆ ಐದಕ್ಕೆ ಪಿ.ಟಿ. ಇದೆ, ಮಲಗಿ” ಎಂದು ದೀಪ ಆರಿಸುತ್ತಿದ್ದೆ.

ಆ ಭಾನುವಾರದ ಮಾತು ತಿಳಿಯಬೇಕಾದರೆ ಕ್ಯಾಪ್ಟನ್ ಮೆನ್ಸಾ ಯಾರು ಎಂದು ತಿಳಿಯಬೇಕು. ನಾನು ನಿವೃತ್ತನಾಗುವ ಮುಂಚೆ ಪಶ್ಚಿಮ ಆಫ್ರಿಕದ ಒಂದು ಸಣ್ಣ ದೇಶಕ್ಕೆ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗಿದ್ದೆ. ದೇಶದ ಹೆಸರು ಬರೆಯುವುದಿಲ್ಲ, ಅಲ್ಲಿ ಈಗ ನೆಮ್ಮದಿಯಿಂದ ಬದುಕುತ್ತಿರುವವರಿಗೆ ಹಳೆಯದನ್ನು ನೆನಪಿಸಿ ಪ್ರಯೋಜನವಿಲ್ಲ. ನೀಲಿ ಹೆಲ್ಮೆಟ್ಟಿನ ನಾವು ಹೋಗುವ ಎಷ್ಟೋ ವರ್ಷ ಮೊದಲೇ ನೆರೆಹೊರೆಯ ದೇಶಗಳು ತಮ್ಮ ಸೈನಿಕರನ್ನು ಅಲ್ಲಿಗೆ ಕಳಿಸಿದ್ದವು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡುವವರಂತೆ ಬಂದವರು ಅವರು. ಅವರಲ್ಲಿ ಕೆಲವರು ತಪ್ಪು ಮಾಡಿದ್ದರು, ಅದನ್ನು ಅಲ್ಲಿಯ ಜನರೇ ಹೇಳುತ್ತಿದ್ದರು. ಆದರೆ ಸಂಬಳ ತಿಂಗಳುಗಟ್ಟಲೆ ತಡವಾದರೂ, ಬೂಟಿನ ಅಟ್ಟೆ ಕಿತ್ತುಬಂದರೂ, ಸೇತುವೆ ಬಿಟ್ಟು ಕದಲದೆ ನಿಂತವರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮೆನ್ಸಾ ಅಂಥವರಲ್ಲೊಬ್ಬರು. ನನ್ನ ಹುದ್ದೆ ಸುಬೇದಾರ್. ನಮ್ಮ ಹುಡುಗರು ನನ್ನನ್ನು ‘ಸಾಬ್’ ಎನ್ನುವುದನ್ನು ಕೇಳಿ, ಹುದ್ದೆಯಲ್ಲಿ ನನಗಿಂತ ಮೇಲಿನ ಆ ಕ್ಯಾಪ್ಟನ್ ಕೂಡ ನನ್ನನ್ನು ಸಾಬ್ ಎಂದೇ ಕರೆಯುತ್ತಿದ್ದರು.

ಅವರ ಕೆಲಸದ ರೀತಿ ಹೇಗಿತ್ತು ಎನ್ನುವುದಕ್ಕೆ ಒಂದು ಸಂಗತಿ ಸಾಕು. ಒಂದು ಹಳ್ಳಿಯಲ್ಲಿ ಹೋರಾಟಗಾರರು ಬಂದೂಕು ಒಪ್ಪಿಸುವ ದಿನ ಗೊತ್ತಾಗಿತ್ತು. ಬಂದವರ ಮುಖಂಡ ಮೇಜಿನ ಮುಂದೆ ನಿಂತು, ಪರದೇಶದವರ ಕಾಲಬುಡದಲ್ಲಿ ಆಯುಧ ಇಡುವುದಿಲ್ಲ ಎಂದುಬಿಟ್ಟ. ಹಿಂದೆ ಅರವತ್ತು ಜನ, ಎಲ್ಲರ ಬೆರಳೂ ಬಂದೂಕಿನ ಕುದುರೆಯ ಮೇಲೆ. ಮೆನ್ಸಾ ವಾದ ಮಾಡಲಿಲ್ಲ. ಕುರ್ಚಿಯಿಂದ ಎದ್ದು ಹಳ್ಳಿಯೊಳಗೆ ಹೋಗಿ, ಅಲ್ಲಿಯ ಮುದುಕಿ ಸೂಲಗಿತ್ತಿಯನ್ನು ಕೈಹಿಡಿದು ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. “ಈ ಊರಿನ ಬಂದೂಕನ್ನು ಈ ಊರಿನವರ ಕೈಗೇ ಕೊಡಿ” ಎಂದರು. ಆ ಅರವತ್ತು ಜನರಲ್ಲಿ ಅರ್ಧದಷ್ಟು ಮಂದಿಯ ಹೊಕ್ಕುಳಬಳ್ಳಿ ಕೊಯ್ದವಳು ಅವಳೇ. ಒಬ್ಬೊಬ್ಬನ ಹೆಸರು ಹಿಡಿದು ಕರೆದಳು. ಆರಡಿ ಎತ್ತರದ ಮುಖಂಡನಿಗೆ ಅವಳು ಹೇಳಿದ್ದನ್ನು ದುಭಾಷಿ ನಗು ತಡೆಯಲಾರದೆ ನಮಗೆ ತಿಳಿಸಿದ: “ಹುಟ್ಟುವಾಗಲೂ ನೀನು ಹೀಗೆಯೇ ಅಡ್ಡ ತಿರುಗಿದ್ದೆ. ಅವತ್ತು ಎಳೆದು ಹಾಕಿದೆ, ಇವತ್ತೂ ಎಳೆಯಬೇಕೇನೋ?” ಬಂದೂಕುಗಳು ಸಂಜೆಯೊಳಗೆ ಮೇಜಿನ ಮೇಲೆ ಬಿದ್ದವು. ನಾಲ್ಕು ತಿಂಗಳ ನಂತರ ಚುನಾವಣೆಯ ದಿನ ಅದೇ ಮುಖಂಡ ಬರಿಗೈಯಲ್ಲಿ ಸಾಲಿನಲ್ಲಿ ನಿಂತಿದ್ದ. ಅವನ ಜನರಿಂದ ಗಂಡನನ್ನು ಕಳೆದುಕೊಂಡ ಹೆಂಗಸು ಅವನ ಮುಂದೆಯೇ ನಿಂತಿದ್ದಳು. ಬಿಸಿಲಿಗೆ ಅವಳು ಕುಸಿದು ಕುಳಿತಾಗ ಅವನು ತನ್ನ ನೀರಿನ ಬಾಟಲಿಯನ್ನು ಅವಳ ಪಕ್ಕದಲ್ಲಿಟ್ಟು ಮತ್ತೆ ಸಾಲಿಗೆ ನಿಂತ. ಅವಳು ಕುಡಿದಳೋ ಇಲ್ಲವೋ ನಾನು ನೋಡಲಿಲ್ಲ. ಸೆಟ್ಟಿನಲ್ಲಿ ಕರೆ ಬಂದಿತ್ತು.

ಆ ದೇಶದ ಕಾಲುದಾರಿಗಳಲ್ಲಿ ನೆಲಬಾಂಬು ಹುಗಿದಿದ್ದರು. ಹೊಸದಾಗಿ ಹೋದ ನಮಗೆ ಮೆನ್ಸಾ ಕಲಿಸಿದ ಮೊದಲ ಪಾಠ, ಮುಂದಿನವನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡು ಎಂಬುದು. ಎರಡನೆಯದು ಅವರದೇ ಪದ್ಧತಿ. ನೆಲದ ಮೇಲೆ ಅನುಮಾನ ಬಂದರೆ ಅವರು ‘ನಿಲ್ಲಿ’ ಎಂದು ಕೂಗುತ್ತಿರಲಿಲ್ಲ. ನಿಂತಲ್ಲೇ ಕುಳಿತು, ಹೆಗಲ ಮೇಲಿಂದ ಹಿಂದೆ ನೋಡಿ, ಮೆತ್ತಗಿನ ದನಿಯಲ್ಲಿ ಇಂಗ್ಲಿಷಿನಲ್ಲಿ “ಮೊದಲು ಚಹಾ, ಸಾಬ್” ಎನ್ನುತ್ತಿದ್ದರು. ಸಾಲಿನಲ್ಲಿದ್ದವರೆಲ್ಲ ಇದ್ದಲ್ಲೇ ಕೂರುತ್ತಿದ್ದರು. ಫ್ಲಾಸ್ಕು ನಿಜವಾಗಿಯೂ ಕೈಯಿಂದ ಕೈಗೆ ದಾಟುತ್ತಿತ್ತು. ಆಮೇಲೆಯೇ ನೆಲದ ಪರೀಕ್ಷೆ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ. “ನಿಲ್ಲು ಎಂದರೆ ಹೆದರಿದವನು ಓಡುತ್ತಾನೆ. ಚಹಾ ಎಂದರೆ ಯಾರೂ ಓಡುವುದಿಲ್ಲ” ಎಂದರು. ಹದಿನಾಲ್ಕು ತಿಂಗಳಲ್ಲಿ ಮೂರು ಸಲ ಹಾಗೆ ಕುಳಿತಿದ್ದೇನೆ. ಮೂರು ಸಲವೂ ಮುಂದೆ ಬಾಂಬು ಇತ್ತು.

ಇನ್ನು ಎರ್ಲಾಂಗೆನ್. ಶ್ರೀಧರ ಹುಬ್ಬಳ್ಳಿಯವರು. ಜರ್ಮನಿ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡತೊಡಗಿದಾಗ ಹೋದವರು. ಮಗಳು ಸುಧಾ ಒತ್ತಾಯ ಮಾಡಿದ್ದರಿಂದ ಮೂರು ತಿಂಗಳ ವೀಸಾದ ಮೇಲೆ ನಾನೂ ಹೋಗಿದ್ದೆ. ಭಾನುವಾರ ಬೆಳಿಗ್ಗೆ ಮೊಮ್ಮಗಳನ್ನು ತಿರುಗಾಡಿಸುವುದು ನನ್ನ ಪಾಲಿನ ಕೆಲಸ. ಆ ಭಾಗದಲ್ಲಿ ಮೀನು ಸಾಕುವ ಸಣ್ಣ ಕೆರೆಗಳು ಬಹಳ, ಅವುಗಳನ್ನು ವೈಯರ್ ಎನ್ನುತ್ತಾರೆ. ಅವತ್ತು ಹೋದ ಕೆರೆ ದಂಡೆಯಿಂದ ದಂಡೆಗೆ ಹೆಪ್ಪುಗಟ್ಟಿ, ಮೇಲೆ ಹಿಮ ಬಿದ್ದು ಬೆಳ್ಳಗಿತ್ತು. ಆಚೆಯ ಮೂಲೆಯಲ್ಲಿ ಮಾತ್ರ ಒಂದಿಷ್ಟು ನೀರು ಕಾಣುತ್ತಿತ್ತು. ಅಲ್ಲಿ ಬಾತುಕೋಳಿಗಳಿದ್ದವು. ಪಲ್ಲವಿಗೆ ಅವು ಬೇಕು.

ದಂಡೆಯಿಂದ ಆ ಮೂಲೆಯ ಕಡೆಗೆ ದೊಡ್ಡ ಬೂಟಿನ ಹೆಜ್ಜೆಗಳು ನೇರವಾಗಿ ಹೋಗಿದ್ದವು. ಪಕ್ಕದಲ್ಲಿ ಒಂದು ಬೋರ್ಡ್ ಇತ್ತು, ಜರ್ಮನ್ ಭಾಷೆಯದು, ನನಗೆ ಓದಲು ಬಾರದು. ಓದಬಲ್ಲ ಶ್ರೀಧರ ಐವತ್ತು ಹೆಜ್ಜೆ ಹಿಂದೆ ಮೊಬೈಲ್ ಹಿಡಿದು, “ಏ ಗುರು, ಸರ್ವರ್ ಒಮ್ಮೆ ರಿಸ್ಟಾರ್ಟ್ ಮಾಡಿ ನೋಡಲೇ, ಸಂಡೇನೂ ಬಿಡಂಗಿಲ್ಲೇನ್ ನೀ” ಎಂದು ಆಫೀಸಿನ ಗೆಳೆಯನೊಡನೆ ಜಗಳವಾಡುತ್ತಿದ್ದರು. ನಾನು ಹೆಜ್ಜೆಗಳನ್ನು ನೋಡಿದೆ. ದೊಡ್ಡ ಮನುಷ್ಯ ಆಚೆ ದಂಡೆಯವರೆಗೆ ನಡೆದಿದ್ದಾನೆ, ಅಂದರೆ ದಾರಿ ಸುರಕ್ಷಿತ. ಯೋಚನೆಯೇ ಮಾಡಲಿಲ್ಲ. ಕಲಿತ ಪಾಠವನ್ನು ಕಲಿತಂತೆ ಪ್ರಯೋಗಿಸಿದೆ.

“ಅಜ್ಜನ ಹೆಜ್ಜಿ ಮ್ಯಾಲ ಹೆಜ್ಜಿ ಇಡಬೇಕು. ಆಚೀಕ್ ಇಲ್ಲ, ಈಚೀಕ್ ಇಲ್ಲ. ತಿಳೀತಿಲ್ಲೋ?” ಎಂದೆ.

“ಯಸ್ ಸರ್!” ಎಂದಳು. ನಾನೇ ಕಲಿಸಿದ್ದು.

ಇಪ್ಪತ್ತೆರಡು ಹೆಜ್ಜೆ ಹೋದೆವು. ಎಣಿಸುವುದು ನನ್ನ ಅಭ್ಯಾಸ. ಇಪ್ಪತ್ತಮೂರನೆಯದಕ್ಕೆ ಕಾಲೆತ್ತಿದಾಗ ನನ್ನ ಎಡಗಿವಿಯ ಹತ್ತಿರ, ಎರಡು ಗೇಣು ಮುಂದೆ, “ಮೊದಲು ಚಹಾ, ಸಾಬ್” ಎಂದು ಕೇಳಿಸಿತು. ನೆನಪಿನಂತಲ್ಲ. ನೆನಪಿಗೆ ದಿಕ್ಕು ಇರುವುದಿಲ್ಲ, ಈ ಮಾತಿಗೆ ದಿಕ್ಕು ಇತ್ತು. ಆ ದನಿಯಲ್ಲಿ ಗಡಿಬಿಡಿ ಇರಲಿಲ್ಲ. ಎತ್ತಿದ ಕಾಲನ್ನು ಹಿಂದಕ್ಕೆ ತಂದು ಇದ್ದಲ್ಲೇ ಕುಳಿತೆ. ಯಾಕೆ ಎಂದು ನನ್ನನ್ನೇ ನಾನು ಕೇಳಿಕೊಳ್ಳುವ ಮೊದಲೇ ಕುಳಿತಾಗಿತ್ತು. ಹಿಂದೆ ಪಲ್ಲವಿಯೂ ಕುಳಿತಳು. ಕುಳಿತು ಒಂದು ಮಾತು ಕೇಳಿದಳು:

“ಅಜ್ಜಾ, ಚಹಾ ಎಲ್ಲೈತಿ?”

ದಂಡೆಯ ಮೇಲಿಂದ ಶ್ರೀಧರ ನಕ್ಕರು. “ಯಾಕ್ರಿ ಮಾಮಾ, ಅಲ್ಲೇ ಧ್ಯಾನಕ್ಕ ಕುಂತ್ರೇನು? ಪ್ಯಾಂಟ್ ಹಸಿ ಆಗ್ತೈತ್ರಿ, ಏಳ್ರಿ!”

ನಾನು ಮುಂದಿನ ಹೆಜ್ಜೆಯನ್ನು ನೋಡುತ್ತಿದ್ದೆ, ನಾನು ಕಾಲಿಡಬೇಕಾಗಿದ್ದ ಗುರುತನ್ನು. ಅದರ ಹಿಮ್ಮಡಿಯ ಭಾಗ ನಿಧಾನವಾಗಿ ಕಪ್ಪಾಯಿತು. ಕೆಳಗಿನಿಂದ ನೀರು ಬರುತ್ತಿತ್ತು. ಎಲ್ಲೋ ಒಳಗೆ ಹೊಸ ಬಟ್ಟೆ ಹರಿದಂತೆ ಸಪ್ಪಳವಾಯಿತು.

“ಶ್ರೀಧರ, ಅಲ್ಲೇ ನಿಲ್ರಿ. ಒಂದ್ ಹೆಜ್ಜಿ ಕೆಳಗ ಇಳೀಬ್ಯಾಡ್ರಿ” ಎಂದೆ. ಪಲ್ಲವಿಗೆ, “ಈಗ ಮೊಸಳಿ ಆಟ. ಹೊಟ್ಟಿ ಮ್ಯಾಲ ಮಲಗಿ ಅಪ್ಪನ ಕಡೆ ಹೋಗಬೇಕು. ಅಜ್ಜ ಹಿಂದ ಬರ್ತಾನ” ಎಂದೆ. ಅವಳು ತೆವಳಿದಳು. ಅವಳು ಸಾಕಷ್ಟು ದೂರ ಹೋದ ಮೇಲೆ ನಾನು ಮಲಗಿ ತಿರುಗಿದೆ. ನನ್ನ ಕಾಲ ಬಳಿ ಒಂದು ಬಾಗಿಲಿನಷ್ಟು ಮಂಜುಗಡ್ಡೆ ವಾಲಿ, ಎಡಗಾಲಿನ ಬೂಟು ನೀರಿಗೆ ಹೋಯಿತು. ಎಳೆದುಕೊಂಡೆ. ಇಪ್ಪತ್ತೆರಡು ಹೆಜ್ಜೆಯ ದೂರ ತೆವಳಲು ಎಷ್ಟು ಹೊತ್ತು ಹಿಡಿಯಿತೋ, ಅದೊಂದನ್ನು ಮಾತ್ರ ನಾನು ಎಣಿಸಲಿಲ್ಲ.

ಅಷ್ಟರಲ್ಲಿ ನಾಯಿ ಹಿಡಿದ ಮುದುಕ ಓಡಿ ಬಂದು, ಬೋರ್ಡಿಗೆ ಕೋಲು ಬಡಿಯುತ್ತ ಬೈದ. ಶ್ರೀಧರ ಅದನ್ನು ನನಗೆ ಕನ್ನಡದಲ್ಲಿ ಹೇಳಿದರು: “ಹೆಜ್ಜಿ ಹತ್ತು ದಿನದ ಹಳೇವಂತ್ರಿ ಮಾಮಾ. ಆಮ್ಯಾಲ ಮೂರು ದಿನ ಮಂಜು ಕರಗೇತಂತ. ಆ ಮೂಲ್ಯಾಗ ತೂಬಿನ ನೀರು ಒಳಗ ಬರ್ತೈತಂತ, ಅದಕ್ಕ ಬಾತುಕೋಳಿ ಅಲ್ಲದಾವ. ನಿಮಗ ತಲಿ ಕೆಟ್ಟೈತೇನು ಅಂತಾನ್ರಿ.” ಮುದುಕ ನನ್ನ ಒದ್ದೆ ಬೂಟು ನೋಡಿ ಸ್ವಲ್ಪ ತಣ್ಣಗಾಗಿ ಇನ್ನೇನೋ ಕೇಳಿದ. “ಕುಂತದ್ದು, ಮಲಗಿದ್ದು ಎರಡೂ ಖರೇ ಕೆಲಸ, ನಿಂತಿದ್ರ ಇಬ್ರೂ ಮುಳುಗ್ತಿದ್ರಿ ಅಂತಾನ. ನಿಮ್ಮ ದೇಶದಾಗ ಇದನ್ನ ಯಾರು ಕಲಿಸಿದ್ರು ಅಂತ ಕೇಳ್ತಾನ್ರಿ.” ನಾನು ಬೂಟು ಕಳಚಿ ಒಳಗಿನ ನೀರು ಸುರಿದೆ.

ಈಗ ಓದುಗರು ಕೇಳುವುದನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಆ ಮಾತನ್ನು ನಾನೇ ಬಾಯಿಬಿಟ್ಟು ಆಡಿದೆನೇ? ಆಡಿದ ನೆನಪಿಲ್ಲ. ಶ್ರೀಧರ ಏನೂ ಕೇಳಿಸಲಿಲ್ಲ ಎಂದರು, ಆದರೆ ಅವರ ಕಿವಿ ಮೊಬೈಲಿನಲ್ಲಿತ್ತು. ನಾನು ಆಡಿರದಿದ್ದರೆ ಮಗು ಚಹಾ ಎಲ್ಲಿ ಎಂದು ಯಾಕೆ ಕೇಳಬೇಕು? ಪಲ್ಲವಿ ಈಗ ದೊಡ್ಡವಳಾಗಿದ್ದಾಳೆ, ಅವಳಿಗೆ ಮೊಸಳೆ ಆಟ ನೆನಪಿದೆ, ಚಹಾ ನೆನಪಿಲ್ಲ. ತೆಳು ಮಂಜುಗಡ್ಡೆ ಕಾಲಿಗೆ ತಿಳಿದಿರಬೇಕು, ಕಾಲು ತಲೆಗೆ ಹೇಳಿರಬೇಕು, ತಲೆ ಹಳೆಯ ದನಿಯಲ್ಲಿ ನಿಮಗೆ ಹೇಳಿರಬೇಕು ಎಂದು ಒಬ್ಬ ಡಾಕ್ಟರು ವಿವರಿಸಿದರು. ಇರಬಹುದು. ಆದರೆ ಮಗುವಿಗೆ ಹೇಳಿದವರು ಯಾರು?

ಮೆನ್ಸಾ ತೀರಿಕೊಂಡಿರಬಹುದು ಎಂಬ ಅಳುಕಿನಿಂದ ಅವರ ರೆಜಿಮೆಂಟಿನ ವಿಳಾಸಕ್ಕೆ ಪತ್ರ ಬರೆದೆ. ನಾನು ಊರಿಗೆ ಮರಳಿದ ಮೇಲೆ, ಏಪ್ರಿಲ್‌ನಲ್ಲಿ ಉತ್ತರ ಬಂತು. ಗಟ್ಟಿಮುಟ್ಟಾಗಿದ್ದರು, ಮೇಜರ್ ಆಗಿದ್ದರು. ಆ ಭಾನುವಾರ ರಜೆಯ ಮೇಲೆ ಮನೆಯಲ್ಲಿದ್ದು ಹೆಂಡತಿ ಮಕ್ಕಳೊಡನೆ ಚರ್ಚಿಗೆ ಹೋಗಿದ್ದರಂತೆ. “ಆಗ ನಿಮ್ಮ ನೆನಪು ಬಂದಿತ್ತೆಂದು ಸುಳ್ಳು ಬರೆಯಲಾರೆ, ಬಂದಿರಲಿಲ್ಲ” ಎಂದು ಬರೆದಿದ್ದರು. ಸೂಲಗಿತ್ತಿ ಬದುಕಿದ್ದಾಳೆ, ಆ ಮುಖಂಡ ಈಗ ಸೇತುವೆ ಕಟ್ಟುವ ಕೆಲಸದಲ್ಲಿ ಮೇಸ್ತ್ರಿ, ಅವರ ತುಕಡಿ ಇನ್ನೊಂದು ನೆರೆದೇಶಕ್ಕೆ ಹೊರಟಿದೆ ಎಂದೂ ಇತ್ತು. ಕೊನೆಯಲ್ಲಿ, “ನೀವು ಕುಳಿತಿರಿ, ಅಷ್ಟು ಸಾಕು. ಯಾರು ಹೇಳಿದರೆಂದು ನನ್ನನ್ನು ಕೇಳಬೇಡಿ, ನಾನಲ್ಲ” ಎಂದಿತ್ತು. ಸುಳ್ಳು ಹೇಳುವ ಮನುಷ್ಯ ಅವರಲ್ಲ. ನನಗಂತೂ ಇದರ ಆಚೆಗೆ ಏನೂ ತಿಳಿಯುವುದಿಲ್ಲ.

ಆ ದಿನದ ಉಳಿದ ಕೆಲಸ ಹೇಳುತ್ತೇನೆ. ಮನೆಗೆ ಬರುವ ದಾರಿಯಲ್ಲಿ ಶ್ರೀಧರ, “ಮಾಮಾ, ಸುಧಾಗ ಹೇಳೂದು ಬ್ಯಾಡ್ರಿ. ಎದಿ ಒಡಕೋತಾಳ” ಎಂದರು. ಊಟವಾಗಿ, ಮಗು ಮಲಗಿದ ಮೇಲೆ ನಾನು ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ತಪ್ಪು ನಡೆದಾಗ ವರದಿ ಕೊಡದೆ ಇರುವುದು ನನಗೆ ಗೊತ್ತಿಲ್ಲ. ಸುಧಾ ಅಳಲಿಲ್ಲ.

“ಅಪ್ಪಾ, ನಿಮ್ಮ ಮಾತಂದ್ರ ಸಣ್ಣಾಕಿ ಇದ್ದಾಗಿಂದ ನನಗ ಆರ್ಡರ್. ಅದಕ್ಕ ಕಣ್ಣು ಮುಚ್ಚಿ ಆಕಿನ್ನ ನಿಮ್ಮ ಕೂಡ ಕಳಸ್ತಿದ್ದೆ” ಎಂದಳು. ಆಮೇಲೆ ಕೇಳಿದಳು: “ಆ ಹೆಜ್ಜಿ ಇನ್ನೂ ಹಂಗ ಅದಾವೇನು?”

“ಅದಾವ. ಈಗ ನಮ್ಮವೂ ಕೂಡ್ಯಾವ.”

“ಮತ್ತ? ನಾಳೆ ಇನ್ನೊಬ್ಬಾಕಿ ಮಗಳು ಅದರ ಮ್ಯಾಲ ಹೋಗ್ತಾಳ. ಏಳ್ರಿ.”

ನೆಲಮಾಳಿಗೆಯಿಂದ ಹಿಮ ತೆಗೆಯುವ ಸಲಿಕೆಗಳನ್ನು ತಂದಳು. ಶ್ರೀಧರ ಮಗುವಿನ ಹತ್ತಿರ ಉಳಿದರು. ನಾವಿಬ್ಬರು ಅರ್ಧ ಗಂಟೆ ನಡೆದೆವು. ದಂಡೆಯ ಮೇಲಿನ ಹೆಜ್ಜೆಗಳು ಕಲ್ಲಿನಂತೆ ಗಟ್ಟಿಯಾಗಿದ್ದವು, ಕೆರೆದು ಕೆರೆದು ಅಳಿಸಿದೆವು. ನೀರಿನ ಅಂಚಿನಲ್ಲಿ ದಂಡೆಯಿಂದ ಸಲಿಕೆ ಚಾಚಿ ಮುಟ್ಟಿದಷ್ಟನ್ನು ಕೆಡಿಸಿದೆವು. ಮಿಕ್ಕವುಗಳ ಕಡೆಗೆ ಯಾರೂ ಇಳಿಯದಂತೆ ಬೋರ್ಡಿನ ಕೆಳಗಿನಿಂದ ಪೊದೆಯವರೆಗೆ ಹಿಮವನ್ನು ಸೊಂಟದೆತ್ತರಕ್ಕೆ ಒಡ್ಡು ಕಟ್ಟಿ, ಸಲಿಕೆಯಿಂದ ಬಡಿದು ಗಟ್ಟಿ ಮಾಡಿದೆವು. ಒಂದು ಕಡೆ ಸಡಿಲ ಬಿಟ್ಟಿದ್ದೆ, ಸುಧಾ ಕೈ ತೋರಿಸಿದಳು, ಸರಿಪಡಿಸಿದೆ. ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಕೆಲಸ ಮುಗಿಯಿತು.