ಡ್ರೋನ್ ಹಾರಿಸದ ದಿನವೂ ರೆಸ್ಯೂಮಿಗೆ ಬಂತು

ಡ್ರೋನ್ ಪೈಲಟ್ ಸರ್ಟಿಫಿಕೇಟ್ ಕೈಗೆ ಬಂದಾಗ, ಇನ್ನು ಕೆಲಸ ನನ್ನನ್ನೇ ಹುಡುಕಿಕೊಂಡು ಬರುತ್ತದೆ ಎಂದುಕೊಂಡಿದ್ದೆ. ಅಲ್ಲಿಯವರೆಗೆ ತೆಕ್ಕಟ್ಟೆಯ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತ, ಬರಬರುತ್ತ ಅವರ ಸಣ್ಣ ಡ್ರೋನನ್ನೂ ನಾನೇ ಹಾರಿಸುತ್ತಿದ್ದೆ. ಗದ್ದೆಗೆ ಕೀಟದ ಮದ್ದು ಬಿಡುವ ದೊಡ್ಡ ಡ್ರೋನ್ ಹಾರಿಸಬೇಕೆಂಬ ಆಸೆ ಹತ್ತಿ ತರಬೇತಿಗೆ ಹೋಗಿದ್ದೆ. ಮರಳಿ ಬಂದವಳೇ ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ರೆಸ್ಯೂಮಿಗೆ ನನ್ನ ಹೆಸರು ಹಾಕಿ ಕಂಡಕಂಡ ಕಂಪನಿಗಳಿಗೆಲ್ಲ ಕಳಿಸಿದೆ. ಒಬ್ಬರೂ ಫೋನ್ ಮಾಡಲಿಲ್ಲ.

ನನ್ನ ಅಕ್ಕ ಕುಂದಾಪುರದ ಬಟ್ಟೆ ಅಂಗಡಿಯೊಂದರಲ್ಲಿ ಮ್ಯಾನೇಜರ್. ಕೆಲಸಕ್ಕೆ ಜನ ಆರಿಸುವವಳೂ ಅವಳೇ. ಒಂದು ಭಾನುವಾರ ಮನೆಗೆ ಬಂದವಳು ನನ್ನ ರೆಸ್ಯೂಮನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದಳು: "ಪ್ರಾಮಾಣಿಕಳು, ಪರಿಶ್ರಮಿ, ಒತ್ತಡದಲ್ಲೂ ನಗುನಗುತ್ತ ಕೆಲಸ ಮಾಡಬಲ್ಲವಳು..." ಅಷ್ಟಕ್ಕೇ ಅವಳಿಗೆ ನಗು ತಡೆಯಲಾಗಲಿಲ್ಲ.

"ಹೆಣೆ, ನಮ್ಮಂಗಡಿಗೆ ಸೀರೆ ಮಡ್ಚುಕೆ ಬಪ್ಪರೂ ಇದನ್ನೇ ಬರಿತ್ರ್. ಡ್ರೋನ್ ಎಲ್ಲಿತ್ತ್ ಇದ್ರಗೆ?"

ಡ್ರೋನ್ ಕೊನೆಯ ಪುಟದಲ್ಲಿತ್ತು, ರಂಗೋಲಿ ಹವ್ಯಾಸದ ಕೆಳಗೆ.

ಇಬ್ಬರೂ ಹೊಸದಾಗಿ ಬರೆಯಲು ಕೂತೆವು. ಸರ್ಟಿಫಿಕೇಟ್ ಎಲ್ಲಕ್ಕಿಂತ ಮೇಲೆ ಬಂತು. ಅದರ ಕೆಳಗೆ ಯಾವ ಯಾವ ಡ್ರೋನ್ ಹಾರಿಸಿದ್ದೇನೆ, ಎಲ್ಲಿ, ಯಾವ ಕೆಲಸಕ್ಕೆ ಎಂಬುದು. ಮದ್ದು ಬಿಡುವುದರಲ್ಲಿ 'ಪರಿಣತೆ' ಎಂದು ನಾನು ಬರೆದದ್ದನ್ನು ಅಕ್ಕ ಹೊಡೆದುಹಾಕಿ 'ತರಬೇತಿ ಪಡೆದಿದ್ದೇನೆ' ಎಂದು ತಿದ್ದಿದಳು. ಬಾವಿಕಟ್ಟೆಯ ಹತ್ತಿರ ಬಂಗುಡೆ ಮೀನು ಹಸನು ಮಾಡುತ್ತಿದ್ದ ಅಮ್ಮ ಅಲ್ಲಿಂದಲೇ, "ಅಡ್ಗಿ ಬತ್ತಿಲ್ಲ, ಅದನ್ನೂ ಬರಿ" ಎಂದು ಕೂಗಿದಳು.

"ಹಾರ್ಸುವತ್ತಿಗೆ ಯಾವತ್ತಾರೂ ಕಷ್ಟ ಆಯ್ತಾ?" ಅಕ್ಕ ಕೇಳಿದಳು.

ಬೈಂದೂರಿನ ಕಡಲ ತೀರದ ಆರತಕ್ಷತೆಯ ಕಥೆ ಹೇಳಿದೆ. ಆ ಸಂಜೆ ಗಾಳಿ ವಿಪರೀತ. ಮುಂಬೈಯಿಂದ ಬಂದಿದ್ದ ಮದುಮಗನ ಮಾವ ಹಾರಿಸಲೇಬೇಕೆಂದು ಹಟ ಹಿಡಿದರು. ಕೆಳಗೆ ಕುರ್ಚಿಗಳ ತುಂಬ ಜನ. ನಾನು ಆಗುವುದಿಲ್ಲ ಎಂದೆ. ಅವರು ಎಲ್ಲರೆದುರು ಬೈದರು, ಸ್ಟುಡಿಯೋದವರೂ ಮುಖ ಊದಿಸಿಕೊಂಡರು. ಮರುದಿನ ಗಾಳಿ ತಗ್ಗಿದ ಮೇಲೆ ಹೋಗಿ ಮದುಮಕ್ಕಳನ್ನು ಮತ್ತೆ ತೀರದಲ್ಲಿ ನಡೆಸಿ ವಿಡಿಯೋ ಮಾಡಿಕೊಟ್ಟಿದ್ದೆ.

"ಇದನ್ ಬರಿ," ಎಂದಳು ಅಕ್ಕ.

"ಕೆಲ್ಸ ಮಾಡುದಿಲ್ಲ ಅಂದದ್ದನ್ನ ಬರುಕಾ? ನಿಂಗೆ ಮರ್ಲಾ?"

"ಜನ್ರ ತಲಿ ಮೇಲೆ ಬೀಳ್ದ ಹಾಂಗೆ ಕಂಡ್ಕಂಡದ್ದ್ ಕೆಲ್ಸ ಅಲ್ದಾ ಮಾರಾಯ್ತಿ?"

ಸಾಕಷ್ಟು ಜಗಳವಾಡಿಯೇ ಅದನ್ನು ಎರಡು ಸಾಲಿನಲ್ಲಿ ಬರೆದೆ. ಎಲ್ಲ ಸೇರಿ ಒಂದೇ ಪುಟವಾಯಿತು.

ಈ ಸಲ ಒಂದು ಕಂಪನಿಯಿಂದ ಕರೆ ಬಂತು. ಬ್ರಹ್ಮಾವರದ ಹತ್ತಿರ ಗದ್ದೆಯ ಬದಿಯಲ್ಲೇ ಸಂದರ್ಶನ. ಬಸ್ಸಿನಲ್ಲಿ ಕೂತು, ಏನೇನು ಕೇಳಬಹುದೆಂದು ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡೇ ಹೋದೆ. ನನ್ನ ರೆಸ್ಯೂಮ್ ಹಿಡಿದಿದ್ದ ಕನ್ನಡಕದ ಹಿರಿಯರು ಅದ್ಯಾವುದನ್ನೂ ಕೇಳಲಿಲ್ಲ.

"ಬೈಂದೂರಗೆ ಹಾರ್ಸುದಿಲ್ಲ ಅಂದ್ರಿಯಲೆ, ಅವ್ರ್ ಬೈಲಿಲ್ಯಾ?"

"ಬೈದ್ರ್ ಸರ್. ಲಾಯ್ಕ್ ಮಾಡಿ ಬೈದ್ರ್."

ಅಲ್ಲಿದ್ದವರೆಲ್ಲ ನಕ್ಕರು. ಬೈದರೂ ಹಾರಿಸದವರೇ ತಮಗೆ ಬೇಕು ಎಂದರು ಹಿರಿಯರು. ಆಮೇಲೆ ರಿಮೋಟ್ ಕೊಟ್ಟು ಗದ್ದೆಯ ಮೇಲೆ ಒಂದು ಸುತ್ತು ಹಾರಿಸಿ ತೋರಿಸಲು ಹೇಳಿದರು. ಹೆದರುತ್ತಲೇ ರಿಮೋಟ್ ಹಿಡಿದೆ. ರೆಕ್ಕೆಗಳು ತಿರುಗಿ ಡ್ರೋನ್ ನೆಲ ಬಿಟ್ಟಿತೋ ಇಲ್ಲವೋ, ನನ್ನ ಹೆದರಿಕೆಯೂ ಬಿಟ್ಟಿತು. ವಾಪಸು ಇಳಿಸಿದಾಗ ಹಿರಿಯರು ಒಂದೇ ಮಾತು ಹೇಳಿದರು: "ಸೋಮ್ವಾರದಿಂದ ಬನಿ."

ಮೊದಲ ಕೆಲಸ ಹಾಲಾಡಿ ಕಡೆಯ ಒಂದು ಭತ್ತದ ಗದ್ದೆಯಲ್ಲಿ. ಮದ್ದು ತುಂಬಿಸಿ, ಗಾಳಿ ನೋಡಿ, ಇನ್ನೇನು ಹಾರಿಸಬೇಕು ಎನ್ನುವಾಗ ಮನೆಯ ಒಡತಿ ಅಂಗಳದಿಂದ ಓಡಿ ಬಂದರು. "ಹ್ವಾಯ್, ಒಂದ್ಗಳ್ಗಿ ನಿಲ್ಲಿ! ನನ್ ಕೋಳಿ ಎಲ್ಲ ಗದ್ದಿಗ್ ಇಳ್ದಿತ್!" ಸಮವಸ್ತ್ರ, ಬೂಟು ಹಾಕಿಕೊಂಡಿದ್ದ ಡ್ರೋನ್ ಪೈಲಟ್ ಅಂದು ಎಲ್ಲಕ್ಕಿಂತ ಮೊದಲು ಅವರ ಜೊತೆ ಗದ್ದೆಯ ಅಂಚಿನುದ್ದಕ್ಕೂ ಕೋಳಿ ಅಟ್ಟಿದಳು.