ಸೆಟ್ ಅಂದ ಮೇಲೆ

ಎಪ್ಪತ್ತರ ದಶಕದಲ್ಲಿ, ನಮ್ಮ ವಿಜಾಪುರದ ಕಾಲೇಜಿನಲ್ಲಿ, ಧಾರವಾಡಕ್ಕೆ ಹೋಗುವುದೆಂದರೆ ಎರಡು ಅರ್ಥ. ಒಂದು, ಯೂನಿವರ್ಸಿಟಿ ಕ್ರೀಡಾಕೂಟ. ಇನ್ನೊಂದು, ಹುಚ್ಚಾಸ್ಪತ್ರೆ. ನನಗೆ ಮೊದಲನೆಯದು ಬೇಕಿತ್ತು. ನೂರು ಮೀಟರಿನ ಓಟದಲ್ಲಿ ಮೊದಲ ಇಬ್ಬರು ಹುಡುಗಿಯರನ್ನು ಕಳಿಸುತ್ತಿದ್ದರು. ನಾನೋ 'ಸೆಟ್' ಅಂದ ಕೂಡಲೇ, ಪಿಸ್ತೂಲಿಗೆ ಕಾಯದೆ, ಓಡಿಬಿಡುತ್ತಿದ್ದೆ. ಎರಡು ಸಲ ಹಾಗಾದರೆ ಹೊರಗೆ. ಪ್ರತಿ ವರ್ಷ ಹೊರಗೇ ಬಿದ್ದಿದ್ದೆ. ಇದು ಕೊನೆಯ ವರ್ಷ.

ಆಗಲೇ ಆಟಗಾರರ ಮನಸ್ಸು ಗಟ್ಟಿ ಮಾಡಲೆಂದು ಮನಃಶಾಸ್ತ್ರದ ಸರ್ ಒಬ್ಬರಿಗೆ ಲೈಬ್ರರಿ ಪಕ್ಕದಲ್ಲಿ ಕೋಣೆ ಕೊಟ್ಟರು. ಒಳಗೆ ಕಾಲಿಟ್ಟವರು ನೇರ ಎರಡನೇ ಧಾರವಾಡಕ್ಕೆ ಎಂದು ಗುಂಡು ಎಸೆಯುವ ಹುಡುಗ ಸಾರಿದ. ಯಾರೂ ಇಣುಕಲಿಲ್ಲ.

"ಸರ್ ಬಬಲೇಶ್ವರ ಸಂತಿಗೆ ಬರ್ತಾರ. ಅಲ್ಲೇ ಹಿಡಿಯೂಣು," ಎಂದಳು ನನ್ನ ಜೊತೆ ಓಡುವ ಗೆಳತಿ. ಅದು ಅವಳ ಊರು. ನಾನು ತಿಕೋಟಾದ ಮನೆಯಲ್ಲಿ ಏನೋ ಸುಳ್ಳು ಹೇಳಿ ಬಸ್ಸು ಹತ್ತಿದೆ. ಕೆಂಪು ಬಸ್ಸು ಎಂದು ಬರೆಯಲು ಕೈ ಓಡುತ್ತದೆ. ಆದರೆ ನೆನಪು ಗಟ್ಟಿಯಿಲ್ಲ, ಜೀಪು ಇದ್ದರೂ ಇದ್ದೀತು.

ಸಂತೆಯಲ್ಲಿ ಸರ್ ಮಿರ್ಚಿ ಭಜಿ ತಿನ್ನುತ್ತಿದ್ದರು. ಗೆಳತಿ ನನ್ನ ಪಾಡನ್ನೆಲ್ಲ ಅವರಿಗೆ ಹೇಳಿದಳು.

"ಮೊದಲ ಯಾಕ ಓಡ್ತಿ?"

"ಹಿಂದ ಉಳದ್ರ ನಗ್ತಾರ್ರಿ ಸರ್."

"ಮೊದಲ ಓಡಿದ್ರ?"

"ಆಗೂ ನಗ್ತಾರ್ರಿ."

"ಹೆಂಗೂ ನಗ್ತಾರಲ್ಲ, ನಗಲಿ ಬಿಡು. ಕೂಡು ಇಲ್ಲೇ. ನಾ ಚಪ್ಪಾಳಿ ಹೊಡದ್ರ ಅಷ್ಟ ಓಡು."

ಉಳ್ಳಾಗಡ್ಡಿ ರಾಶಿಗಳ ನಡುವೆ ಕೈ ಊರಿ ಕೂತೆ. ಜೀಪಿನ ಹಾರ್ನಿಗೆ ಓಡಿದೆ. ಆಡು ಕೂಗಿದ್ದಕ್ಕೆ ಓಡಿದೆ. ತಕ್ಕಡಿ ಠಣ್ ಅಂದದ್ದಕ್ಕೂ ಓಡಿದೆ.

"ಸಾಹೇಬ್ರು ಇನ್ನಾ ಕೈನ ಎತ್ತಿಲ್ಲ, ತಡಿ ಯವ್ವಾ!" ಎಂದಳು ಉಳ್ಳಾಗಡ್ಡಿ ಮಾರುವವಳು. ಸಂತೆ ನಕ್ಕಿತು. ಮೆಣಸಿನಕಾಯಿ ಚೀಲಗಳ ಹಿಂದಿನಿಂದ ಎಲ್ಲರಿಗಿಂತ ದೊಡ್ಡ ನಗು: ನಮ್ಮ ಗುಂಡಿನ ಹುಡುಗ.

"ನೀ ಯಾಕ ಬಂದಿಯೋ?" ಎಂದಳು ಗೆಳತಿ.

"ಮೆಣಸಿನಕಾಯಿ ತಗೊಳ್ಳಾಕ."

"ಕೈಚೀಲ ಎಲ್ಲೈತಿ?"

ಅವನು ಸರ್ ಕಡೆ ನೋಡಿದ. "ನನಗೂ ಗುಂಡು ಹಿಡದ್ರ ಕೈ ನಡಗತಾವರಿ. ಇವರಿಗೆ ಹೇಳಬ್ಯಾಡ್ರಿ."

'ಇವರು' ಅಂದರೆ ನಾವು, ಅಲ್ಲೇ ನಿಂತಿದ್ದೆವು! ಮತ್ತೆ ಕೈ ಊರಿ ಕೂತ ನಾನು ನಕ್ಕು ನಕ್ಕು ನೆಲಕ್ಕಂಟಿದೆ. ಈ ಸಲ ಹಾರ್ನಿಗೂ ಏಳಲಿಲ್ಲ. ಚಪ್ಪಾಳೆಗೆ ಮಾತ್ರ ಎದ್ದು ಓಡಿದೆ.

ಆಯ್ಕೆಯ ದಿನ ಮತ್ತೆ ಮೊದಲೇ ಓಡಿದೆ. ಇನ್ನೊಮ್ಮೆ ತಪ್ಪಿದರೆ ಮುಗಿಯಿತು. ಮೈದಾನವೆಲ್ಲ ನಗುತ್ತಿತ್ತು. 'ಸೆಟ್' ಅಂದರು. ಆ ನಿಶ್ಶಬ್ದದಲ್ಲಿ ಪಕ್ಕದ ಗೆರೆಯಲ್ಲಿದ್ದ ಗೆಳತಿಯ ಹೊಟ್ಟೆ ಗುರ್ರೆಂದಿತು. ನನಗೆ ನಗು ಉಕ್ಕಿತು, ಕಾಲು ಕೂತಲ್ಲೇ ಕೂತವು. ಆಮೇಲೆ ಪಿಸ್ತೂಲು. ಗೆರೆ ಬಿಟ್ಟವರಲ್ಲಿ ನಾನೇ ಕೊನೆಯವಳು, ಬಾಯಿ ತೆರೆದುಕೊಂಡೇ ಓಡಿದೆ.

ಗೆಳತಿ ಮೊದಲು, ನಾನು ಎರಡನೆಯವಳು. ನೀನು ಮೂರನೆಯವಳು ಎಂದು ಅವಳು ಈಗಲೂ ಸಾಧಿಸುತ್ತಾಳೆ. ಇರಲಿ. ಧಾರವಾಡದ ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ಅವಳ ಜೊತೆ ಜಗಳವಾಡಿದ್ದಂತೂ ನಾನೇ.