ಗಿರಿಜಕ್ಕನ ಜನವರಿ ಬಿಸಿಲು

ಜನವರಿಯಲ್ಲಿ ನೈರೋಬಿ ಬಿಟ್ಟು ಬಿಸಿಲು ಹುಡುಕಿಕೊಂಡು ಹೊರಡುವವರನ್ನು ನಾನು ಕಂಡಿದ್ದು ಒಬ್ಬರನ್ನೇ, ಅವರು ಗಿರಿಜಕ್ಕ. ಇಲ್ಲಿ ಜನವರಿ ಎಂದರೆ ಮೋಡದ ಚೂರೂ ಇಲ್ಲದ ಆಕಾಶ, ಬೇಲಿ ತುಂಬ ಕಾಗದದ ಹೂವು, ಬೆಳಿಗ್ಗೆ ಒಣಹಾಕಿದ ಬಟ್ಟೆ ಕಾಫಿ ಕುಡಿದು ಬರುವುದರೊಳಗೆ ಗರಿಗರಿ. ಇಲ್ಲಿನ ಗಿಗಿರಿ ಬಡಾವಣೆಯ ಆಫೀಸುಗಳ ಬಿಳಿಯರು ಹಿಮದೂರಿನ ತಮ್ಮ ನೆಂಟರನ್ನೆಲ್ಲ ಕರೆಸಿಕೊಳ್ಳುವುದೇ ಆಗ. ಗಿರಿಜಕ್ಕ ಆಗಲೇ ಸ್ವೆಟರ್ ಮಡಚಿ ಸೂಟ್‌ಕೇಸಿಗೆ ತುಂಬಿ ಸೈಪ್ರಸ್ಸಿಗೆ ಹೊರಟು ನಿಲ್ಲುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಆ ದ್ವೀಪದಲ್ಲಿ ಅದು ಚಳಿಗಾಲ. ಬಿಸಿಲು ಬಂದರೆ ಬಂತು, ಇಲ್ಲದಿದ್ದರೆ ಮಳೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದರಂತೆ ಎಂದು ನಮ್ಮ ಕನ್ನಡದವರು ಆಡಿಕೊಳ್ಳುತ್ತಿದ್ದರು.

ನಾನು ಟೆಲಿಕಾಂ ಕಂಪನಿಯವರು ಕಳಿಸಿದರೆಂದು ಬೆಂಗಳೂರಿನಿಂದ ಬಂದವಳು. ಸ್ಪ್ರಿಂಗ್ ವ್ಯಾಲಿಯಲ್ಲಿ ಬಾಡಿಗೆ ಹಿಡಿದ ಮನೆಗೂ ಗಿರಿಜಕ್ಕನ ಮನೆಗೂ ನಡುವೆ ಒಂದು ಬೇಲಿ ಅಷ್ಟೆ. ಮೈಸೂರಿನವರು, ಗಿಗಿರಿಯ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಬಹಳ ಕಾಲದಿಂದ ಕೆಲಸ. ಗಂಡ ಮೂರ್ತಿ ಸರ್ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಗಿರಿಜಕ್ಕ ಎತ್ತರದ ಆಳು, ಗಂಟಲೂ ದೊಡ್ಡದು. ಡ್ರೈವರನ್ನು ಇಟ್ಟುಕೊಳ್ಳದೆ ತಾವೇ ಕಾರು ಓಡಿಸುತ್ತಿದ್ದರು. ಅಡ್ಡ ನುಗ್ಗುವ ಮಟಾಟು ವ್ಯಾನುಗಳಿಗೆ ಕಿಟಕಿ ಇಳಿಸಿ ಅಚ್ಚ ಮೈಸೂರು ಕನ್ನಡದಲ್ಲಿ ಬುದ್ಧಿ ಹೇಳುತ್ತಿದ್ದರು. ಅವರೂ ಅರ್ಥವಾದವರಂತೆ ಕೈಯೆತ್ತಿ ದಾರಿ ಬಿಡುತ್ತಿದ್ದರು.

ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಕನ್ನಡದವರೆಲ್ಲ ಸೇರಿ ಊಟ ಮಾಡುವುದು ನಮ್ಮ ರೂಢಿ. ನವೆಂಬರ್ ಬಂತೆಂದರೆ ಆ ಊಟಗಳಲ್ಲಿ ಗಿರಿಜಕ್ಕನ ಪ್ರಚಾರ ಶುರು. ಚಳಿಗಾಲದಲ್ಲಿ ಅಲ್ಲಿ ಹೋಟೆಲೆಲ್ಲ ಖಾಲಿ, ಸಮುದ್ರ ಕಾಣುವ ಕೋಣೆ ಕೇಳಿದವರಿಗೆ ಸಿಗುತ್ತದೆ. ಕಿತ್ತಳೆಯನ್ನು ಎಲೆ ಸಮೇತ ಮಾರುತ್ತಾರೆ. ಬಾದಾಮಿ ಮರ ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ. ಗಿರಾಕಿಗಳಿಲ್ಲದ ಕಾಫಿ ಅಂಗಡಿಗಳಲ್ಲಿ ಕುರ್ಚಿಗೊಂದು ಬೆಕ್ಕು ಮಲಗಿರುತ್ತದೆ. ಲಾರ್ನಕಾ ಊರಿನ ಉಪ್ಪಿನ ಕೆರೆಗೆ ಫ್ಲೆಮಿಂಗೋ ಹಕ್ಕಿಗಳು ಬರುತ್ತವೆ. ಫ್ಲೆಮಿಂಗೋ ನೋಡಲು ವಿಮಾನ ಯಾಕ್ರೀ, ಇಲ್ಲೇ ನಕುರು ಕೆರೆಯಲ್ಲಿ ಇಲ್ಲವೇ ಎಂದು ಯಾರೋ ಕೆಣಕಿದರು. ಗಿರಿಜಕ್ಕ ಹಪ್ಪಳ ಮುರಿಯುತ್ತ, "ಅವು ನಮ್ಮನೇವು ಕಣ್ರೀ. ನೆಂಟರ ಮನೇದು ನೋಡೋ ಸುಖಾನೇ ಬೇರೆ" ಅಂದರು.

ರುಂಡಾ ಬಡಾವಣೆಯ ಒಂದು ಸಂಸಾರ ಇವರ ಮಾತು ನಂಬಿ ಹೊರಟೇಬಿಟ್ಟಿತು, ಆದರೆ ಜುಲೈಯಲ್ಲಿ. ಭೂಮಧ್ಯರೇಖೆಯ ಈ ಊರಲ್ಲಿ ಬಹಳ ವರ್ಷ ಇದ್ದವರಿಗೆ ಜುಲೈಯೇ ಚಳಿಗಾಲ: ತಿಂಗಳುಗಟ್ಟಲೆ ಬೂದಿ ಬಣ್ಣದ ಆಕಾಶ, ಮನೆಯೊಳಗೂ ಜಾಕೆಟ್. ಅಲ್ಲಿ ಅದು ಉರಿಬೇಸಿಗೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಸುಟ್ಟ ಬದನೆಕಾಯಿಯ ಹಾಗೆ ಸಿಪ್ಪೆ ಏಳಿಸಿಕೊಂಡು ಬಂದರು. ಗಿರಿಜಕ್ಕ ಒಂದು ಡಬ್ಬಿ ಲೋಳೆಸರದ ತಿರುಳು ಕಳಿಸಿ, ಮುಂದಿನ ಸಲ ಜನವರಿಯಲ್ಲಿ ಹೋಗಿ ಎಂದು ಹೇಳಿಕಳಿಸಿದರು.

ಇಷ್ಟು ಕಾರಣ ಹೇಳುವವರು ಒಂದನ್ನು ಮಾತ್ರ ಹೇಳುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅವರ ಒಬ್ಬಳೇ ಮಗಳು ಅನಘಾ ಕಾಲೇಜಿನ ರಜೆಗೆ ಬಂದಿದ್ದವಳು ಜನವರಿಯ ಒಂದು ಬೆಳಿಗ್ಗೆ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಳು. ಅವತ್ತೂ ಆಕಾಶ ಹೀಗೇ ನೀಲಿಯಾಗಿತ್ತಂತೆ. ಪ್ರತಿವರ್ಷ ಆ ದಿನ ಮೂರ್ತಿ ಸರ್ ಎಲ್ಲರನ್ನೂ ಮನೆಗೆ ಕರೆಯುತ್ತಿದ್ದರು. ಮಗಳ ಫೋಟೋಗೆ ಹಾರ, ಒಂದಿಷ್ಟು ಭಜನೆ, ಊಟಕ್ಕೆ ಅವಳಿಗೆ ಇಷ್ಟವಾದ ಬಿಸಿಬೇಳೆಬಾತು. ಪಕ್ಕದಲ್ಲಿ ಇಲ್ಲಿನ ಮಸಾಲೆ ಚಿಪ್ಸು, ಅವಳು ಎರಡನ್ನೂ ಕಲಸಿ ತಿನ್ನುತ್ತಿದ್ದಳು ಎಂದು. ಮೂರ್ತಿ ಸರ್ ಅವಳ ಬಾಲ್ಯದ ಕಥೆ ಹೇಳಿಕೊಂಡು ಬಾಯಿಬಿಟ್ಟು ಅಳುತ್ತಿದ್ದರು. ಮೊದಲ ವರ್ಷ ಗಿರಿಜಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಎಲ್ಲರಿಗೂ ಬಡಿಸಿದರು. ಕಣ್ಣಲ್ಲಿ ಒಂದು ಹನಿ ಇಲ್ಲ, ಎಂಥ ಗಟ್ಟಿಗಿತ್ತಿ ಎಂದು ಜನ ಕೊಂಡಾಡಿದರು. ಎರಡನೆಯ ವರ್ಷದಿಂದ ಆ ದಿನಕ್ಕೆ ಸರಿಯಾಗಿ ಸೈಪ್ರಸ್. ಮಗಳು ಹೋದ ದಿನ ತಾಯಿ ಮೋಜಿಗೆ ಹೋಗುತ್ತಾಳೆ ಎಂದು ಅದೇ ಜನ ಅಂದರು.

ಆ ಮನೆಯಲ್ಲಿ ಜಗಳವೆಂದರೆ ಅದೊಂದೇ. ಈ ಸಲವಾದರೂ ಇರು ಎಂದು ಅವರು, ಈ ಸಲವಾದರೂ ಬನ್ನಿ ಎಂದು ಇವರು. ಇಬ್ಬರೂ ಸೋಲಲಿಲ್ಲ. ಬಂದವರು ಕೇಳಿದರೆ ಮೂರ್ತಿ ಸರ್, ಅವಳಿಗೆ ಆಫೀಸ್ ಕೆಲಸ ಬಂತು ಎಂದು ನೆಲ ನೋಡುತ್ತ ಹೇಳುತ್ತಿದ್ದರು. ನೋಡಲು ಸಂಕಟವಾಗುತ್ತಿತ್ತು.

ಒಂದು ವರ್ಷ ನನ್ನ ರಜೆ ಉಳಿದಿತ್ತು. ಗಿರಿಜಕ್ಕ ಬಾರೇ ಅಂದರು, ಹೋದೆ. ಲಾರ್ನಕಾದಲ್ಲಿ ಅವರು ಹೇಳಿದ್ದೆಲ್ಲ ನಿಜವೇ ಇತ್ತು, ಬೆಕ್ಕುಗಳೂ ಸೇರಿ. ಆದರೆ ಗಿರಿಜಕ್ಕ ಯಾವುದನ್ನೂ ಮನಸ್ಸಿಟ್ಟು ನೋಡಲಿಲ್ಲ. ಆ ದಿನ ಉಪ್ಪಿನ ಕೆರೆಯ ದಂಡೆಗೆ ಹೋಗಿ ಬೆಂಚಿನ ಮೇಲೆ ಕೂತೆವು. ಬಿಸಿಲು ಇತ್ತು, ಅದರಲ್ಲಿ ಕಾವೇ ಇರಲಿಲ್ಲ. ಹಕ್ಕಿಗಳು ದೂರದಲ್ಲಿ ನಸುಗೆಂಪು ಗೆರೆಯಾಗಿ ಕಾಣುತ್ತಿದ್ದವು. ಕಿತ್ತಳೆ ಸುಲಿದು ನನಗೆ ಅರ್ಧ ಕೊಟ್ಟರು. ತಮ್ಮ ಅರ್ಧವನ್ನು ಕೈಯಲ್ಲೇ ಹಿಡಿದುಕೊಂಡು ಅಳಲು ಶುರುಮಾಡಿದರು. ಸಣ್ಣ ಅಳುವಲ್ಲ, ಆ ದೊಡ್ಡ ಗಂಟಲಿನ ಪೂರ್ತಿ ಅಳು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ಟೋಪಿ ತೆಗೆದು, ಏನೂ ಕೇಳದೆ ಮುಂದೆ ಹೋದ. ನನಗೆ ಏನು ಮಾಡಬೇಕೆಂದು ತೋಚದೆ ಸುಮ್ಮನೆ ಕೂತೆ. ಅವರಿಗೆ ಬೇಕಾಗಿದ್ದೂ ಅದೇ ಎಂದು ಆಮೇಲೆ ತಿಳಿಯಿತು.

"ಮನೇಲಿ ಅತ್ರೆ ಐವತ್ತು ಜನ ಸಮಾಧಾನ ಮಾಡೋಕ್ ಬರ್ತಾರೆ ಕಣೇ. ನಮ್ಮನೆಯೋರು ಅತ್ರೆ ನಾನೇ ನೀರು ಕೊಟ್ಟು ಬೆನ್ನು ಸವರ್ಬೇಕು. ಮಧ್ಯದಲ್ಲಿ ಬಾತು ತಳ ಹತ್ತುತ್ತೆ. ನಂಗೆ ಅಳೋಕೆ ಟೈಮೇ ಸಿಗಲ್ಲ" ಅಂದರು.

ಇದನ್ನು ಸರ್‌ಗೆ ಹೇಳಬಾರದೇ ಎಂದೆ. ಬೇಡ, ಅವರ ಊಟದಿಂದ ತಪ್ಪಿಸಿಕೊಳ್ಳೋಕೆ ಇಷ್ಟು ದೂರ ಬರ್ತೀನಿ ಅಂತ ಗೊತ್ತಾದರೆ ಒಡೆದುಹೋಗುತ್ತಾರೆ, ಆ ಊಟದಿಂದಲೇ ಅವರು ಬದುಕಿರೋದು ಅಂದರು. ಮೂಗು ಒರೆಸಿಕೊಂಡು, ಕಾಲ ಬಳಿ ಬಂದ ಬೆಕ್ಕಿಗೆ ಕಿತ್ತಳೆಯ ತೊಳೆ ತೋರಿಸಿ, ತಿನ್ನಲ್ವಲ್ಲ, ಮತ್ತೆ ಯಾಕೆ ಬಂದೆ ಎಂದು ಗದರಿಸಿದರು.

ಕಳೆದ ವರ್ಷ ಅವರಿಗೆ ಕ್ಯಾನ್ಸರ್ ಎಂದು ತಿಳಿಯಿತು, ತಿಳಿಯುವಾಗಲೇ ತಡವಾಗಿತ್ತು. ಜುಲೈಯ ಒಂದು ಮಧ್ಯಾಹ್ನ ನೋಡಲು ಹೋದೆ. ಹೀಟರಿನ ಪಕ್ಕದಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಆ ಎತ್ತರದ ದೇಹ ಕುರ್ಚಿಯಲ್ಲಿ ಎಲ್ಲಿದೆ ಎಂದು ಹುಡುಕಬೇಕಿತ್ತು. ಗಂಟಲು ಮಾತ್ರ ಸ್ವಲ್ಪ ಉಳಿದಿತ್ತು. "ಜನವರೀಗೆ ಅವರೂ ಬರ್ತೀನಿ ಅಂದಿದಾರೆ ಕಣೇ. ಟಿಕೆಟ್ ಆಯ್ತು" ಅಂದರು. ಮುಖದಲ್ಲಿ ಗೆದ್ದ ಸಂತೋಷವಿತ್ತು. ಹೊರಡುವಾಗ ಕೈ ಹಿಡಿದು, ಈ ಹಸಿರು ಸ್ವೆಟರ್ ಅವರಿಗೆ ಆಗುತ್ತೆ ಅಲ್ವಾ ಎಂದು ಕೇಳಿದರು. ಆಗುತ್ತೆ ಅಂದೆ. ಅದೇ ಕೊನೆಯ ಭೇಟಿ. ಆಗಸ್ಟಿನ ಮೋಡ ಚದುರುವ ಮೊದಲೇ ಹೋಗಿಬಿಟ್ಟರು.

ಈ ಜನವರಿಯಲ್ಲಿ ಊಟದ ಕರೆ ಬರಲಿಲ್ಲ. ಒಂದು ಸಂಜೆ ಮೂರ್ತಿ ಸರ್ ನಮ್ಮ ಮನೆಗೆ ಬಂದು, ಕಾಫಿಯನ್ನು ಆರಲು ಬಿಟ್ಟು ಕೂತರು. ಟಿಕೆಟ್ ಇನ್ನೂ ಇದೆ, ಅವಳು ಎಲ್ಲಿ ಕೂರುತ್ತಿದ್ದಳು ಹೇಳಮ್ಮ ಎಂದರು. ಕೆರೆಯ ದಾರಿ ಹೇಳಿದೆ, ಬೆಂಚು ಹೇಳಿದೆ. ಆಮೇಲೆ ಅವರು ಕೇಳಿದರು, "ಅಲ್ಲಿ ಅವಳು ಅಳ್ತಿದ್ಲಾ?"

ಹೇಳಬೇಡ ಎಂದಿದ್ದರು ಗಿರಿಜಕ್ಕ. ಆದರೂ ಆ ಮುಖ ನೋಡಿಕೊಂಡು ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. "ಹೂಂ ಸರ್. ತುಂಬಾ" ಅಂದೆ.

"ಸದ್ಯ" ಅಂದರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮತ್ತೆ ಅಂದರು, "ಸದ್ಯ. ಇಷ್ಟು ವರ್ಷ ನಾನು, ಅವಳು ಮಗೂನ ಮರ್ತುಬಿಟ್ಲು ಅನ್ಕೊಂಡಿದ್ದೆ."

ಅನಘಾ ಹೋದ ದಿನ ಬಂತು. ರೂಢಿಯ ಬಲದಿಂದ ಕೆಲವರು ಹೂವು ಹಿಡಿದು ಬಂದು ಬೀಗ ಹಾಕಿದ ಗೇಟಿನ ಮುಂದೆ ನಿಂತರು. ತಲೆಯ ಮೇಲೆ ಅದೇ ನೀಲಿ ಆಕಾಶ. ಮೂರ್ತಿಯವರು ಎಲ್ಲಿ ಎಂದು ಬೇಲಿಯಾಚೆಯಿಂದ ನನ್ನನ್ನು ಕೇಳಿದರು. ಸೈಪ್ರಸ್ಸಿಗೆ ಹೋಗಿದ್ದಾರೆ ಅಂದೆ. ಅವರು ಮುಖ ಮುಖ ನೋಡಿಕೊಂಡರು. ಇವತ್ತಿನ ದಿನ ಅಲ್ಲಿಗೆ ಯಾಕೆ ಎಂದು ಒಬ್ಬರು ಕೇಳಿದರು.

"ಈಗ ಅಲ್ಲಿ ಕಿತ್ತಳೆ ಚೆನ್ನಾಗಿರುತ್ತಂತೆ" ಅಂದೆ.